ಗುಳ್ಳೆ ಹಾಕೋರು

2011ರಲ್ಲಿ ನಾನು ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿದ್ದೆ. ಒಂದು ರೂಮಿಗೆ ಮೂರು ಜನ, ಮೂವರಿಗೂ ಸೇರಿ ಒಂದೇ ಕಿಟಕಿ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಎಜುಕೇಶನ್ ಲೋನಿನ ಕಂತು ಕಟ್ಟಿ, ಊರಿಗೆ ಒಂದಿಷ್ಟು ಕಳಿಸಿ, ಉಳಿದಿದ್ದನ್ನ ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡಿದ್ದೆ. ಆ ಸೆಪ್ಟೆಂಬರಿನಲ್ಲಿ ‘ಸಿಟಿ ಆಫ್ ಹೀರೋಸ್’ ಅನ್ನೋ ಅಮೆರಿಕದ ಆನ್‌ಲೈನ್ ಗೇಮ್ ಪುಕ್ಕಟೆ ಆಯ್ತು. ಅದಕ್ಕೆ ಮುಂಚೆ ತಿಂಗಳಿಗೆ 15 ಡಾಲರ್ ಕೊಡಬೇಕಿತ್ತು. 15 ಡಾಲರ್ ಅಂದ್ರೆ ಆಗ ನನ್ನ ಒಂದು ವಾರದ ಊಟ. ಹಾಗಾಗಿ ಅಲ್ಲೀವರೆಗೆ ಅದರ ಟ್ರೇಲರ್ ನೋಡಿಕೊಂಡೇ ತೃಪ್ತಿಪಟ್ಟಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಕ್ಯಾಲಿಫೋರ್ನಿಯಾದ ಕ್ರಿಪ್ಟಿಕ್ ಸ್ಟುಡಿಯೋಸ್ ಮಾಡಿದ್ದ ಈ ಗೇಮನ್ನ ಕೊರಿಯಾದ ಎನ್‌ಸಿಸಾಫ್ಟ್ 2004ರ ಏಪ್ರಿಲ್ 28ರಂದು ಬಿಡುಗಡೆ ಮಾಡಿತ್ತು. ಪ್ಯಾರಾಗನ್ ಸಿಟಿ ಅನ್ನೋ ಕಾಲ್ಪನಿಕ ಊರು, ರೋಡ್ ಐಲೆಂಡ್ ರಾಜ್ಯದಲ್ಲಿದೆ ಅಂತ ಕಥೆ. ಇಲ್ಲಿ ನೀವು ಸೂಪರ್‌ಮ್ಯಾನೋ ಸ್ಪೈಡರ್‌ಮ್ಯಾನೋ ಆಗೋದಿಲ್ಲ, ನಿಮ್ಮ ಹೀರೋನ ನೀವೇ ಹುಟ್ಟಿಸಬೇಕು. ಮೊದಲು ಅವನ ಜಾತಕ ಬರೀಬೇಕು. ಮೂಲದಲ್ಲಿದ್ದಿದ್ದು ಐದು ವರ್ಗ. ಮುಂದೆ ನಿಂತು ಏಟು ತಿನ್ನೋ ಟ್ಯಾಂಕರ್, ಮೈಮೇಲೆ ಬಿದ್ದು ಹೊಡೆಯೋ ಸ್ಕ್ರ್ಯಾಪರ್, ದೂರದಿಂದ ಬೆಂಕಿಯೋ ಮಂಜೋ ಎಸೆಯೋ ಬ್ಲಾಸ್ಟರ್, ಶತ್ರುಗಳನ್ನ ನಿಂತಲ್ಲೇ ಕಟ್ಟಿಹಾಕೋ ಕಂಟ್ರೋಲರ್, ಮತ್ತೆ ಜೊತೆಗಿರೋರನ್ನ ಕಾಯೋ ಡಿಫೆಂಡರ್. ವರ್ಗ ಆರಿಸಿದ ಮೇಲೆ ಅದರೊಳಗೆ ಎರಡು ಶಕ್ತಿಸಮೂಹ, ಒಂದು ಮುಖ್ಯ, ಒಂದು ಉಪ. ಇಷ್ಟು ಒತ್ತಿ ‘ನೆಕ್ಸ್ಟ್’ ಅಂದ್ರೆ ಮುಗೀತು. ಆಮೇಲೆ 50ನೇ ಲೆವೆಲ್‌ವರೆಗೆ ಯಾವ ಪವರ್ ಮೊದಲು ತಗೋಬೇಕು, ಯಾವುದಕ್ಕೆ ಎಷ್ಟು ಸ್ಲಾಟ್ ಹಾಕಬೇಕು ಅಂತ ಸಾವಿರ ಲೆಕ್ಕಾಚಾರ ಮಾಡಬಹುದು. ತಪ್ಪಾದ್ರೆ ‘ರೆಸ್ಪೆಕ್’ ಮಾಡಿ ಮತ್ತೆ ಜೋಡಿಸಲೂಬಹುದು. ಆದ್ರೆ ವರ್ಗ ಮತ್ತು ಆ ಎರಡು ಸಮೂಹ ಮಾತ್ರ ಬದಲಾಗಲ್ಲ. ಅದು ಹಣೆಬರಹ.

ನಾನು ಆರಿಸಿದ್ದು ಡಿಫೆಂಡರ್, ಮುಖ್ಯ ಶಕ್ತಿ ಎಂಪತಿ. ಕಾರಣ ದೊಡ್ಡದೇನಲ್ಲ. ಅಮೆರಿಕದ ಸಂಜೆ ಅಂದ್ರೆ ನಮ್ಮ ಬೆಳಿಗ್ಗೆ. ಆರೂವರೆಗೆ ಎದ್ದು ಆಫೀಸ್ ಕ್ಯಾಬ್ ಬರೋವರೆಗೆ ಒಂದೂವರೆ ಗಂಟೆ ಸಿಗ್ತಿತ್ತು. ಅಷ್ಟರಲ್ಲಿ ಯಾವುದಾದ್ರೂ ಟೀಮಿಗೆ ಬೇಗ ಸೇರ್ಕೋಬೇಕು. ಚಾಟ್‌ನಲ್ಲಿ ಯಾವಾಗ ನೋಡಿದ್ರೂ ‘ಹೀಲರ್ ಬೇಕು, ಹೀಲರ್ ಬೇಕು’ ಅಂತ ಕೂಗು. ಹೋಟೆಲಲ್ಲಿ ಕೆಲಸ ಬೇಗ ಸಿಗಬೇಕು ಅಂದ್ರೆ ಅಡುಗೆ ಕಲಿ ಅಂತಾರಲ್ಲ, ಹಾಗೆ.

ಎಂಪತಿಯಲ್ಲಿ ಒಂದು ಪವರ್ ಇದೆ, ‘ಹೀಲ್ ಅದರ್’. ಇದನ್ನ ಬೇರೆಯವರ ಮೇಲೆ ಮಾತ್ರ ಪ್ರಯೋಗಿಸಬಹುದು. ನಿಮಗೇ ಗಾಯ ಆದ್ರೆ ಇದು ನಿಮಗೆ ಉಪಯೋಗಕ್ಕೆ ಬರಲ್ಲ. ‘ಅಬ್ಸಾರ್ಬ್ ಪೇನ್’ ಅಂತ ಇನ್ನೊಂದು. ಅದು ಗೆಳೆಯನ ಗಾಯವನ್ನ ಜೋರಾಗಿ ವಾಸಿ ಮಾಡುತ್ತೆ, ಬದಲಿಗೆ ನಿಮ್ಮ ಪ್ರಾಣದಲ್ಲಿ ಒಂದು ಪಾಲು ಕಿತ್ಕೊಳ್ಳುತ್ತೆ. ‘ಫೋರ್ಟಿಟ್ಯೂಡ್’ ಕೂಡ ಹಾಗೇ, ಇನ್ನೊಬ್ಬನನ್ನ ಗಟ್ಟಿ ಮಾಡಬಹುದು, ತನ್ನನ್ನಲ್ಲ. ಮೊದಮೊದಲು ಇದನ್ನೆಲ್ಲ ಓದಿ ನಂಗೆ ರೋಮಾಂಚನ ಆಗಿತ್ತು. ಯಾವನೋ ಪ್ರೋಗ್ರಾಮರ್ ಕೂತ್ಕೊಂಡು ನಿಸ್ವಾರ್ಥ ಅನ್ನೋದನ್ನ ಕೋಡ್ ಮಾಡಿದ್ದಾನೆ, ಟಾರ್ಗೆಟ್ ‘ಸೆಲ್ಫ್’ ಆದ್ರೆ ಎರರ್ ಕೊಡು ಅಂತ ಬರೆದಿದ್ದಾನೆ ಅನ್ನಿಸಿತ್ತು.

ಹೀಲ್ ಮಾಡಿದಾಗ ಆ ಹೀರೋನ ತಲೆ ಮೇಲೆ ಹಸಿರು ಅಂಕಿ ಚಿಮ್ಮುತ್ತೆ. ನೀವು ಅವನ ಪ್ರಾಣ ಎಷ್ಟು ಉಳಿಸಿದ್ರಿ ಅನ್ನೋ ಲೆಕ್ಕ. ಅವನ ಕೆಂಪಾಗಿದ್ದ ಪಟ್ಟಿ ಮತ್ತೆ ಹಸಿರಾಗುತ್ತೆ. ಎಲ್ಲರೂ ನೋಡ್ತಾರೆ. ಒಬ್ಬ ‘ಥ್ಯಾಂಕ್ಸ್’ ಅಂತಾನೆ, ಇನ್ನೊಬ್ಬ ‘ಗ್ರೇಟ್ ಹೀಲರ್’ ಅಂತಾನೆ. ಆಫೀಸಲ್ಲಿ ಮ್ಯಾನೇಜರ್ ಹತ್ರ ಒಂದು ವರ್ಷದಿಂದ ಕೇಳದ ಮಾತನ್ನ ಟೆಕ್ಸಸ್‌ನಲ್ಲಿ ಕೂತ ಯಾವನೋ ಪುಣ್ಯಾತ್ಮ ಬೆಳಿಗ್ಗೆ ಏಳು ಗಂಟೆಗೆ ಹೇಳಿದ್ರೆ ಯಾರಿಗೆ ಖುಷಿ ಆಗಲ್ಲ ಹೇಳಿ?

ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ಟೀಮಲ್ಲಿ ಒಬ್ಬರು ಸಿಕ್ಕರು. ಓಹಾಯೋದವರು, ಬಸ್ ಓಡಿಸಿ ರಿಟೈರ್ ಆದವರು ಅಂತ ಆಮೇಲೆ ಗೊತ್ತಾಯ್ತು. ಅವರದೂ ಡಿಫೆಂಡರ್, ಆದ್ರೆ ಶಕ್ತಿ ಫೋರ್ಸ್ ಫೀಲ್ಡ್. ಈ ಸಮೂಹದಲ್ಲಿ ಗಾಯ ವಾಸಿ ಮಾಡೋ ಪವರ್ ಒಂದೂ ಇಲ್ಲ. ಬದಲಿಗೆ ಟೀಮಿನವರ ಸುತ್ತ ಗಾಜಿನಂಥ ಗುಳ್ಳೆ ಹಾಕ್ತಾರೆ. ನಾಲ್ಕು ನಿಮಿಷ ಇರುತ್ತೆ, ಮುಗಿಯೋದ್ರೊಳಗೆ ಮತ್ತೆ ಹಾಕಬೇಕು. ಆ ಗೇಮಿನವರು ಇವರನ್ನ ‘ಬಬ್ಲರ್’ ಅಂತ ಕರೀತಿದ್ರು. ಆವತ್ತು ಒಂದು ಗಂಟೆ ನಾನು ಹೀಲ್ ಬಟನ್ ಒತ್ತೋ ಸಂದರ್ಭವೇ ಬರಲಿಲ್ಲ. ಯಾರಿಗೂ ಏಟೇ ಬೀಳ್ತಿರಲಿಲ್ಲ. ಕೊನೆಗೆ ಟೀಮ್ ಲೀಡರ್ ಹೇಳಿದ ಮಾತು ಇನ್ನೂ ನೆನಪಿದೆ. ಇವತ್ತು ತುಂಬಾ ಈಜಿ ಇತ್ತು, ಡಿಫಿಕಲ್ಟಿ ಜಾಸ್ತಿ ಮಾಡ್ಬೇಕಿತ್ತು ಅಂದ. ಎಲ್ಲರೂ ಹೊರಟರು. ಹೋಗ್ತಾ ಇಬ್ಬರು ನಂಗೆ ಥ್ಯಾಂಕ್ಸ್ ಹೇಳಿದ್ರು. ನಂಗೆ! ಸುಮ್ನೆ ನಿಂತಿದ್ದ ನಂಗೆ.

ಆ ಗುಳ್ಳೆಯ ಲೆಕ್ಕ ಎಂಥಾ ಚೆಂದ ಅಂದ್ರೆ, ಇಂಜಿನಿಯರುಗಳಾಗಿರೋ ನಿಮಗೆ ಹೇಳದೇ ಇರೋಕಾಗಲ್ಲ. ನಿಮ್ಮದೇ ಲೆವೆಲ್ಲಿನ ಸಾಧಾರಣ ಶತ್ರು ನಿಮ್ಮ ಮೇಲೆ 100 ಸಲ ಹೊಡೆದ್ರೆ 50 ಸಲ ತಗಲುತ್ತೆ. ಡಿಫೆನ್ಸ್ ಎಷ್ಟಿದೆಯೋ ಅಷ್ಟನ್ನ ಈ 50ರಿಂದ ಕಳೀರಿ. ಆದ್ರೆ 5ಕ್ಕಿಂತ ಕೆಳಗೆ ಇಳಿಯೋಕೆ ಗೇಮ್ ಬಿಡಲ್ಲ. ಅಂದ್ರೆ ಡಿಫೆನ್ಸ್ 45 ಮುಟ್ಟಿದ್ರೆ 50 ಏಟು ತಿನ್ನೋ ಜಾಗದಲ್ಲಿ 5 ಏಟು. ಈಗ ಡಿಫೆನ್ಸ್ ಏನೂ ಇಲ್ಲದವನಿಗೆ 5 ಕೊಟ್ಟರೆ 50 ಏಟು 45 ಆಗುತ್ತೆ, ಅವನಿಗೆ ಗೊತ್ತೂ ಆಗಲ್ಲ. ಅದೇ 5ನ್ನ ಆಗಲೇ 40 ಇರೋನಿಗೆ ಕೊಟ್ಟರೆ 10 ಏಟು 5ಕ್ಕೆ ಇಳಿಯುತ್ತೆ, ನೇರ ಅರ್ಧ! ಗೇಮಿನ ಹುಲಿಗಳೆಲ್ಲ 45ಕ್ಕೆ ‘ಸಾಫ್ಟ್ ಕ್ಯಾಪ್’ ಅಂತ ಹೆಸರಿಟ್ಟು ಅದರ ಹಿಂದೆ ಬಿದ್ದಿದ್ದು ಇದಕ್ಕೇ. ಉಳ್ಳವನಿಗೆ ಕೊಟ್ಟಷ್ಟೂ ಹೆಚ್ಚು ಲಾಭ ಅನ್ನೋ ಈ ಗಣಿತದ ಬಗ್ಗೆಯೇ ಇನ್ನೊಂದು ಲೇಖನ ಬರೀಬಹುದು, ಇರಲಿ. ನನ್ನ ತಲೆ ತಿಂದಿದ್ದು ಬೇರೆ. ಬೀಳದೇ ಹೋದ ಆ 45 ಏಟುಗಳು ಯಾರ ಕಣ್ಣಿಗೂ ಬೀಳಲ್ಲ. ಅವಕ್ಕೆ ಹಸಿರು ಅಂಕಿ ಇಲ್ಲ. ಬಿದ್ದ 5 ಏಟಲ್ಲಿ ಒಂದನ್ನ ವಾಸಿ ಮಾಡಿದ ನನ್ನ ಅಂಕಿ ಮಾತ್ರ ಪರದೆ ಮೇಲೆ ಕುಣಿಯುತ್ತೆ.

ಹಳಬರು ಈ ವಿಷಯಕ್ಕೆ ರೇಗ್ತಿದ್ರು. ಯಾರಾದ್ರೂ ‘ಹೀಲರ್’ ಅಂದ್ರೆ ಸಾಕು, ಈ ಗೇಮಲ್ಲಿ ಹೀಲರ್ ಅನ್ನೋ ವರ್ಗವೇ ಇಲ್ಲ, ಏಟು ಬೀಳದ ಹಾಗೆ ನೋಡ್ಕೊಳ್ಳೋದು ಏಟು ಬಿದ್ದ ಮೇಲೆ ಒರೆಸೋದಕ್ಕಿಂತ ಮೇಲು ಅಂತ ಪಾಠ ಶುರು ಮಾಡ್ತಿದ್ರು. ಗೇಮ್ ಮಾಡಿದವರೂ ಎಡವಿದ್ರು. ಡಿಫೆಂಡರ್‌ಗೆ ಹುಟ್ಟುಗುಣ ಅಂತ ಒಂದು ಕೊಟ್ಟಿದ್ರು, ಹೆಸರು ‘ವಿಜಿಲೆನ್ಸ್’. ಟೀಮಿನವರ ಪ್ರಾಣ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಸುಲಭದ ಖರ್ಚಲ್ಲಿ ಡಿಫೆಂಡರ್ ತನ್ನ ಪವರ್‌ಗಳನ್ನ ಬಳಸಬಹುದು. ಕೇಳೋಕೆ ಸರಿಯಾಗೇ ಇದೆ, ಕಷ್ಟ ಬಂದಾಗ ಕೈಗೆ ಬಲ ಬರಲಿ ಅಂತ. ಆದ್ರೆ ಬಬ್ಲರ್ ತನ್ನ ಕೆಲಸ ನೆಟ್ಟಗೆ ಮಾಡಿದ್ರೆ ಯಾರಿಗೂ ಗಾಯವೇ ಆಗಲ್ಲ, ಅವನಿಗೆ ಈ ಭಾಗ್ಯ ಬರೋದೇ ಇಲ್ಲ. ಕೆಲಸ ಕೆಟ್ಟದಾಗಿ ಮಾಡಿದ್ರೆ ಬೋನಸ್ ಅಂತ ಗೇಮಿನವರು ತಮಾಷೆ ಮಾಡ್ತಿದ್ರು. ಮುಂದೆ ಅದಕ್ಕೊಂದು ತೇಪೆ ಹಾಕಿದ್ರು, ಒಬ್ಬನೇ ಆಡುವಾಗ ಏಟಿಗೆ ಸ್ವಲ್ಪ ಬಲ ಸೇರಿಸಿ.

ಇದನ್ನ ಓದ್ತಾ ನಿಮಗೆ ನಿಮ್ಮ ಅಪ್ರೈಸಲ್ ನೆನಪಾಗಿದ್ರೆ ಅದು ನನ್ನ ತಪ್ಪಲ್ಲ. ರಾತ್ರಿ ಮೂರು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಸರಿ ಮಾಡಿದವನಿಗೆ ಎಲ್ಲರನ್ನೂ ಸಿಸಿ ಹಾಕಿ ಒಂದು ಮೇಲ್, ಜೊತೆಗೆ ಗಿಫ್ಟ್ ಕಾರ್ಡ್. ಡಿಸ್ಕ್ ತುಂಬ್ತಾ ಇದೆ ಅಂತ ಹೋದ ತಿಂಗಳೇ ನೋಡಿ, ಮಧ್ಯಾಹ್ನ ಕಾಫಿ ಕುಡೀತಾ ಸರಿ ಮಾಡಿದವಳ ಹೆಸರು ಎಲ್ಲೂ ಇಲ್ಲ, ಯಾಕಂದ್ರೆ ಟಿಕೆಟ್ಟೇ ಇಲ್ಲ. ವೈಟುಕೆ ಕಥೆಯೂ ಇದೇ ತಾನೆ? ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದ ಹಳೇ ಪ್ರೋಗ್ರಾಮುಗಳನ್ನ ಸಾಲುಸಾಲಾಗಿ ತಿದ್ದಿದ್ದು ನಮ್ಮ ಸೀನಿಯರುಗಳು. ಬೆಂಗಳೂರಿನ ಎಷ್ಟೋ ಕಂಪನಿಗಳು ಅಮೆರಿಕದವರ ಕಣ್ಣಿಗೆ ಬಿದ್ದಿದ್ದೂ ಆ ಕೆಲಸದಿಂದಲೇ. 2000ದ ಜನವರಿ 1 ಬಂತು, ಅಂಥ ಅನಾಹುತ ಏನೂ ಆಗಲಿಲ್ಲ. ಆಗ ಜನ ಹೇಳಿದ್ದು, ಏನಿಲ್ಲ ಬಿಡಿ, ಎಲ್ಲ ಬರೀ ಬಿಲ್ಡಪ್ಪು ಅಂತ.

ಆಫೀಸ್ ವಿಷಯ ಇಷ್ಟೇ ಆಗಿದ್ರೆ ನಾನಿದನ್ನ ಬರೀತಿರಲಿಲ್ಲ. ನಾವು ಇಂಜಿನಿಯರುಗಳು ಇಂಥದ್ದನ್ನ ಕ್ಯಾಂಟೀನಲ್ಲಿ ದಿನಾ ಗೊಣಗಿ ಮುಗಿಸ್ತೀವಿ. ನಾನು ಹೇಳಬೇಕಾಗಿರೋದು ನಮ್ಮಪ್ಪನ ಕಾಲ್ಬೆರಳಿನ ವಿಷಯ.

ನಮ್ಮೂರು ತಿಪಟೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಒಂದೂವರೆ ಎಕರೆ ತೆಂಗಿನ ತೋಟ. ಅಪ್ಪನಿಗೆ 2009ರಿಂದ ಸಕ್ಕರೆ ಕಾಯಿಲೆ. ಅದು ಹಳೇದಾದ್ರೆ ಎಷ್ಟೋ ಜನಕ್ಕೆ ಪಾದದ ನರಗಳು ಜಡ ಆಗ್ತವೆ. ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಗಾಯ ಬೇಗ ಮಾಯೋದೂ ಇಲ್ಲ. ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗಪ್ಪ ಅಂದ್ರೆ, ಭೂಮ್ತಾಯಿ ಮೇಲೆ ಚಪ್ಪಲಿ ಹಾಕ್ತಾರೇನೋ ಅನ್ನೋ ಆಸಾಮಿ. ಅಮ್ಮನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಅಕ್ಕನನ್ನ ಕೊಟ್ಟಿರೋದು ಎರಡು ಕಿಲೋಮೀಟರ್ ದೂರದ ಪಕ್ಕದ ಹಳ್ಳಿಗೆ, ನಮ್ಮ ಸೋದರಮಾವನ ಮಗನಿಗೆ. ಅವಳು ದಿನಾ ಸಂಜೆ ಬರ್ತಾಳೆ. ವಾರದ ಮಾತ್ರೆಗಳನ್ನ ಡಬ್ಬಿಗೆ ತುಂಬ್ತಾಳೆ. ಅಪ್ಪನನ್ನ ಜಗುಲಿ ಮೇಲೆ ಕೂರಿಸಿ, ಪಾದ ತೊಡೆ ಮೇಲಿಟ್ಕೊಂಡು, ಟಾರ್ಚ್ ಬಿಟ್ಟು ಬೆರಳ ಸಂದಿ ಒಂದೊಂದೂ ನೋಡ್ತಾಳೆ. ಒಂದು ಕೆಂಪು ಕಂಡ್ರೂ ಅಲ್ಲೇ ತೊಳೆದು ಔಷಧಿ ಹಚ್ತಾಳೆ. ಹತ್ತು ವರ್ಷ ಮಾಡಿದಳು. ಹತ್ತು ವರ್ಷದಲ್ಲಿ ಅಪ್ಪನ ಕಾಲಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದು ನಮಗ್ಯಾರಿಗೂ ಒಂದು ಸುದ್ದಿ ಅನ್ನಿಸಿರಲಿಲ್ಲ. ನಾನು ಫೋನ್ ಮಾಡಿದಾಗ ಅಪ್ಪ ಹೆಂಗಿದಾರೆ ಅಂತ ಕೇಳ್ತಿದ್ದೆ, ಚೆನ್ನಾಗವ್ರೆ ಅಂತಿದ್ಲು, ಮಾತು ಬೇರೆ ಕಡೆಗೆ ಹೋಗ್ತಿತ್ತು.

2019ರಲ್ಲಿ ಅಕ್ಕನ ಅತ್ತೆಯನ್ನ ಹಾಸನದ ಆಸ್ಪತ್ರೆಗೆ ಸೇರಿಸಿದ್ರು. ಹನ್ನೆರಡು ದಿನ ಅಕ್ಕ ಅಲ್ಲೇ ಇದ್ದಳು. ಆ ಹನ್ನೆರಡು ದಿನದಲ್ಲಿ ಯಾವತ್ತೋ ಅಪ್ಪನಿಗೆ ಜಾಲಿ ಮುಳ್ಳು ಹೊಕ್ಕಿದೆ. ಅಮ್ಮನಿಗೆ ವಾಸನೆ ಬಂದ ಮೇಲೆ ಗೊತ್ತಾಗಿದೆ. ನಂಗೆ ಫೋನ್ ಬಂದಾಗ ರಾತ್ರಿ ಹತ್ತೂವರೆ. ಕಾರು ತಗೊಂಡು ಹೊರಟೆ, ಎರಡು ಗಂಟೆಗೆ ಊರು ತಲುಪಿದೆ, ಬೆಳಗಾಗೋದ್ರೊಳಗೆ ಅಪ್ಪನನ್ನ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿದ್ದೆ. ಒಂದು ಬೆರಳು ತೆಗೆದ್ರು, ಕಾಲು ಉಳೀತು. ಹದಿನಾರು ದಿನ. ಇನ್ಶೂರೆನ್ಸ್ ಹೋಗಿ ಉಳಿದ ದುಡ್ಡು ನಾನು ಕಟ್ಟಿದೆ.

ಊರಿಗೆ ವಾಪಸ್ ಕರ್ಕೊಂಡು ಹೋದಾಗ ಕಾರಿನ ಸುತ್ತ ಜನ ಸೇರಿದ್ರು. ಮಗ ಅಂದ್ರೆ ಹಿಂಗಿರ್ಬೇಕು ಕಣಪ್ಪ ಅಂದ್ರು. ರಾತ್ರೋರಾತ್ರಿ ಬಂದ್ನಂತೆ, ಎಷ್ಟೋ ಲಕ್ಷ ಕಟ್ಟಿದ್ನಂತೆ ಅಂತ ನಾನು ಕಟ್ಟಿದ್ದರ ಮೂರು ಪಟ್ಟು ಹೇಳಿಕೊಂಡ್ರು. ನನ್ನ ತಲೆ ಮೇಲೆ ಹಸಿರು ಅಂಕಿ ಚಿಮ್ಮುತ್ತಿತ್ತು. ಅಕ್ಕ ಬಾಗಿಲ ಹತ್ರ ಕಾಫಿ ಲೋಟದ ತಟ್ಟೆ ಹಿಡ್ಕೊಂಡು ನಿಂತಿದ್ಲು. ನಮ್ಮ ದೊಡ್ಡಮ್ಮ ಒಬ್ಬರು ಲೋಟ ತಗೋತಾ, ನೀನೊಂಚೂರು ನಿಗಾ ಇಟ್ಟಿದ್ರೆ ಹಿಂಗಾಗ್ತಿತ್ತೇನವ್ವ ಅಂದ್ರು. ಅಕ್ಕ ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ನನ್ನ ತಕರಾರು ದೊಡ್ಡಮ್ಮನ ಮೇಲಲ್ಲ, ಆ ಹೊತ್ತಲ್ಲಿ ಬಾಯಿ ಮುಚ್ಕೊಂಡು ಕಾಫಿ ಕುಡಿದ ನನ್ನ ಮೇಲೆ.

ಗೇಮಲ್ಲೂ ಇದೇ ನಡೀತಿತ್ತು. ಗುಳ್ಳೆ ಇರೋವಷ್ಟು ಹೊತ್ತು ಯಾರಿಗೂ ಬಬ್ಲರ್ ನೆನಪಾಗಲ್ಲ. ನಾಲ್ಕು ನಿಮಿಷ ಮುಗಿದು, ಹತ್ತು ಸೆಕೆಂಡ್ ತಡ ಆಗಿ, ಅಷ್ಟರಲ್ಲಿ ಒಬ್ಬ ಸತ್ತರೆ, ಆಗ ಮೊದಲ ಸಲ ಚಾಟ್‌ನಲ್ಲಿ ಅವನ ಹೆಸರು ಬರುತ್ತೆ. ‘ಬಬಲ್ಸ್???’ ಅಂತ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಕೆಲವರು ಹೇಳಬಹುದು, ಹೆಸರು ಬರದಿದ್ರೇನು, ಕರ್ಮಣ್ಯೇವಾಧಿಕಾರಸ್ತೇ ಅಲ್ವಾ ಅಂತ. ಫಲದ ಆಸೆ ಬಿಟ್ಟು ಕೆಲಸ ಮಾಡು ಅನ್ನೋ ಮಾತನ್ನ ನನಗೆ ಇಲ್ಲೀವರೆಗೆ ಹೇಳಿದವರೆಲ್ಲ ಫಲ ಚೆನ್ನಾಗೇ ಸಿಕ್ಕಿದವರು, ಅದಕ್ಕೇ ಸ್ವಲ್ಪ ಅನುಮಾನ. ಆದ್ರೆ ಆ ವಾದದಲ್ಲಿ ಒಂದು ಸತ್ಯ ಇದೆ, ಅಲ್ಲಗಳೆಯಲ್ಲ. ಓಹಾಯೋದ ಆ ಹಿರಿಯರನ್ನ ಒಂದ್ಸಲ ಕೇಳಿದ್ದೆ, ನಿಮಗೆ ಬೇಜಾರಾಗಲ್ವಾ ಅಂತ. ಮೂವತ್ತು ವರ್ಷ ಬಸ್ ಓಡಿಸಿದೀನಿ, ಇಳಿಯೋವಾಗ ಒಬ್ಬರೂ ನನ್ನ ಮುಖ ನೋಡ್ತಿರಲಿಲ್ಲ, ಅದು ನನ್ನ ಕೆಲಸ ಚೆನ್ನಾಗಾಗಿದೆ ಅನ್ನೋದರ ಗುರುತು ಅಂತ ಬರೆದ್ರು. ಅವರ ಮಾತು ಎಷ್ಟು ಹಿಡಿಸ್ತು ಅಂದ್ರೆ ಮಾರನೇ ದಿನವೇ ನಾನೂ ಒಬ್ಬ ಬಬ್ಲರನ್ನ ಹುಟ್ಟಿಸಿದೆ. ಆಮೇಲೆ ಗೇಮ್ ಮುಚ್ಚೋವರೆಗೂ ಅದನ್ನೇ ಆಡಿದೆ. ಕಾಣದ ಹಾಗೆ ಇದ್ದು ಉಪಕಾರ ಮಾಡೋದರಲ್ಲಿ ಒಂದು ಗುಟ್ಟಿನ ಸುಖ ಇದೆ, ನಿಜವಾಗಿ ಇದೆ. ಅದನ್ನ ಅನುಭವಿಸಿದೀನಿ.

ಆದ್ರೆ ಆ ಸುಖವನ್ನ ನಾನು ಅಕ್ಕನ ತಲೆಗೂ ಕಟ್ಟಿಬಿಟ್ಟಿದ್ದೆ. ಬೆರಳು ಹೋದ ವರ್ಷ, ಊರಿಂದ ವಾಪಸ್ ಬರುವಾಗ ಅವಳಿಗೆ ಸಮಾಧಾನ ಹೇಳೋ ನೆಪದಲ್ಲಿ ಈ ಗೇಮಿನ ಕಥೆ ಎಲ್ಲ ಹೇಳಿದೆ. ನೀನು ಗುಳ್ಳೆ ಹಾಕೋಳು ಕಣಕ್ಕ, ನಾನು ಬರೀ ಒರೆಸೋನು, ನಿನ್ನದೇ ದೊಡ್ಡ ಕೆಲಸ ಅಂತ. ಹೇಳಿ ಮುಗಿಸಿದಾಗ ನನಗೇ ಕಣ್ಣಲ್ಲಿ ನೀರು. ಅವಳು ಕೇಳಿದ್ದು ಒಂದೇ.

“ಆ ಆಟದಲ್ಲಿ ಅದನ್ನ ಯಾರು ಆರಿಸ್ತಾರೆ?”

ಆಡೋರೇ ಆರಿಸ್ತಾರೆ ಅಂದೆ.

“ಹೌದಾ,” ಅಂದು ಬಟ್ಟೆ ಮಡಚೋಕೆ ಹೋದಳು.

ಹಾಸನದ ರಸ್ತೆ ಬಿಟ್ಟು ತುಮಕೂರು ಬರೋವರೆಗೆ ಅದೇ ತಲೆಯಲ್ಲಿ ಕೊರೀತಿತ್ತು. ಪಿಯುಸಿಯಲ್ಲಿ ಗಣಿತಕ್ಕೆ ಅವಳಿಗೆ ನನಗಿಂತ ಜಾಸ್ತಿ ಬಂದಿತ್ತು. ತುಮಕೂರಿನಲ್ಲಿ ಬಿಎಸ್‌ಸಿ ಮಾಡ್ತೀನಿ ಅಂದಿದ್ಲು, ಹಾಸ್ಟೆಲ್ ಫಾರಂ ಕೂಡ ತಂದಿದ್ಲು. ಆ ವರ್ಷವೇ ಸೋದರಮಾವನ ಮನೆಯವರು ಕೇಳಿದ್ರು. ಹತ್ತಿರದಲ್ಲೇ ಕೊಟ್ರೆ ನಮಗೂ ಒಂದು ಆಸರೆ ಅಂತ ಅಮ್ಮ ಅಂದಿದ್ದು ನಂಗೆ ಚೆನ್ನಾಗಿ ನೆನಪಿದೆ, ನಾನಾಗ ಒಂಬತ್ತನೇ ಕ್ಲಾಸು. ಯಾರೂ ಅವಳನ್ನ ಬೈಯಲಿಲ್ಲ, ಹೊಡೀಲಿಲ್ಲ. ಭಾವನೂ ಒಳ್ಳೆಯವರೇ. ಸುಮ್ನೆ ವರ್ಗ, ಮುಖ್ಯ ಶಕ್ತಿ, ಉಪ ಶಕ್ತಿ ಎಲ್ಲ ಬೇರೆಯವರು ತುಂಬಿ ‘ನೆಕ್ಸ್ಟ್’ ಒತ್ತಿದ್ರು. ನಾಲ್ಕು ವರ್ಷ ಆದ್ಮೇಲೆ ನನ್ನನ್ನ ಕೂರಿಸ್ಕೊಂಡು ಅಪ್ಪ ಕೇಳಿದ್ರು, ಏನ್ ಓದ್ತೀಯಪ್ಪ, ಹೇಳು, ಹೆಂಗಾದ್ರೂ ಮಾಡಾನ ಅಂತ.

ಹಾಗಾಗಿ ನನಗೆ ಈಗ ಬಗೆಹರಿಯದ ಪ್ರಶ್ನೆ ಇದು. ಬೇರೆಯವರಿಗೆ ಮಾತ್ರ ತಗಲೋ, ತನಗೆ ತಗಲದ ಶಕ್ತಿಯನ್ನ ನಾವು ತ್ಯಾಗ ಅಂತೀವಿ. ಅದನ್ನ ಆರಿಸಿಕೊಂಡವನಿಗೆ ಆ ಮಾತು ಸಲ್ಲುತ್ತೆ. ನಾನು ಏಳೂವರೆಗೆ ಲಾಗೌಟ್ ಮಾಡಿ ಸ್ನಾನಕ್ಕೆ ಹೋಗ್ತಿದ್ದೆ, ನನ್ನ ತ್ಯಾಗ ಅಷ್ಟು ಹೊತ್ತಿಗೆ ಮುಗೀತಿತ್ತು. ಲಾಗೌಟ್ ಬಟನ್ ಇಲ್ಲದವಳು ಅದೇ ಕೆಲಸವನ್ನ ಹತ್ತು ವರ್ಷ ಮಾಡಿದ್ರೆ ಅದೂ ತ್ಯಾಗವೇ ಅಂತ ನಾವು ಮೇಲೆ ನಿಂತು ಹೂವು ಹಾಕಿದ್ರೆ, ಆ ಹೂವು ಅವಳ ಬಾಯಿ ಮುಚ್ಚಿಸೋಕೆ ಹಾಕಿದ್ದಾ? ಅವಳ ಪ್ರೀತಿ ಸುಳ್ಳು ಅಂತ ಅಲ್ಲ. ಅಪ್ಪನ ಪಾದ ತೊಡೆ ಮೇಲಿಟ್ಕೊಂಡಾಗ ಅವಳ ಮುಖ ನಾನು ನೋಡಿದೀನಿ. ಅವಳು ಕೇಳಿದ್ರೂ ಅದನ್ನೇ ಆರಿಸ್ತಿದ್ದಳೋ ಏನೋ. ಕೇಳಲಿಲ್ಲವಲ್ಲ, ಅದಕ್ಕೇ ಈಗ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇಷ್ಟು ತಿಳಿದ ಮೇಲೂ ನಾನು ಮಾಡಿದ್ದೇನು ಗೊತ್ತಾ? ತಪ್ಪಿತಸ್ಥ ಭಾವನೆ ತಡೀಲಾರದೆ ಮತ್ತೆ ಹೀರೋ ಆಗೋಕೆ ಹೋದೆ. ಎರಡು ತಿಂಗಳಲ್ಲಿ ಮನೆಗೆ ಬ್ಲೂಟೂತ್ ಇರೋ ಗ್ಲೂಕೋಮೀಟರ್ ಕಳಿಸಿದೆ. ಅಕ್ಕನಿಗೆ ಹೊಸ ಫೋನ್, ಅದರಲ್ಲಿ ದಿನಕ್ಕೆ ಆರು ಸಲ ಕೂಗೋ ಆ್ಯಪ್. ತಿಪಟೂರಿಂದ ವಾರಕ್ಕೆ ಎರಡು ಸಲ ಬರೋ ಹಾಗೆ ಒಬ್ಬ ನರ್ಸ್. ರೀಡಿಂಗ್ ಎಲ್ಲ ನನ್ನ ಲ್ಯಾಪ್‌ಟಾಪಿನ ಒಂದು ಶೀಟಿಗೆ ಬರಬೇಕು. ಯಾವುದನ್ನೂ ಅವಳನ್ನ ಕೇಳಿ ಮಾಡಲಿಲ್ಲ. ಮೂರನೇ ವಾರ ಒಂದಿನ ರೀಡಿಂಗ್ ಬರದೇ ಇದ್ದಿದ್ದಕ್ಕೆ ಆಫೀಸಿಂದ ಫೋನ್ ಮಾಡಿ ಯಾಕೆ ಅಂತ ಕೇಳಿದೆ. ಸ್ಟ್ಯಾಂಡಪ್ ಮೀಟಿಂಗಲ್ಲಿ ಕೇಳೋ ದನಿಯಲ್ಲೇ ಕೇಳಿರಬೇಕು. ಅಕ್ಕ ಹೇಳಿದ್ಲು, “ಲೋ, ನಿನ್ನ ಸ್ಪೀಡಿಗೆ ನಾನು ಓಡಕ್ಕಾಗಲ್ಲ ಕಣೋ. ನಿಲ್ಸು ಒಂದ್ ಗಳಿಗೆ.”

ನಿಮಗೆ ಇನ್ನೊಂದು ಡಿಫೆಂಡರ್ ಬಗ್ಗೆ ಹೇಳಬೇಕು. ಕೈನೆಟಿಕ್ಸ್ ಅನ್ನೋ ಸಮೂಹದಲ್ಲಿ ‘ಸ್ಪೀಡ್ ಬೂಸ್ಟ್’ ಅಂತ ಒಂದು ಪವರ್. ಇನ್ನೊಬ್ಬರ ಮೇಲೆ ಹಾಕಿದ್ರೆ ಅವರು ಹುಚ್ಚು ವೇಗದಲ್ಲಿ ಓಡ್ತಾರೆ, ಪವರ್‌ಗಳು ಬೇಗ ಬೇಗ ರೆಡಿಯಾಗ್ತವೆ, ದಣಿವು ಬೇಗ ನೀಗುತ್ತೆ. ಎಲ್ಲ ರೀತೀಲೂ ವರ. ಆದ್ರೂ ಎಷ್ಟೋ ಜನ ಬೇಡ ಅಂತ ಗೋಗರೀತಿದ್ರು. ಆ ವೇಗ ಅಭ್ಯಾಸ ಇಲ್ಲದವರು ಇಕ್ಕಟ್ಟಾದ ಗುಹೆಯಲ್ಲಿ ಗೋಡೆಗೆ ಹೋಗಿ ಡಿಕ್ಕಿ ಹೊಡೀತಿದ್ರು, ಒಂದ್ಹೆಜ್ಜೆ ಇಡೋಕೆ ಹೋಗಿ ಶತ್ರುಗಳ ಗುಂಪಿನ ಮಧ್ಯೆ ಹೋಗಿ ನಿಲ್ತಿದ್ರು. ಹಾಕೋರಿಗೆ ಸಿಟ್ಟು, ಒಳ್ಳೇದು ಮಾಡಿದ್ರೆ ಬೈತಾರಲ್ಲ ಅಂತ. ಕೊನೆಗೆ ಗೇಮ್ ಮಾಡಿದವರು ಒಂದು ಉಪಾಯ ಮಾಡಿದ್ರು. ಪಾಕೆಟ್ ಡಿ ಅನ್ನೋ ನೈಟ್‌ಕ್ಲಬ್ಬಿನಲ್ಲಿ ಒಂದು ಲಾರಿ ಮೇಲೆ ಒಂದು ಕಡಲಹಕ್ಕಿ ಕೂತಿರುತ್ತೆ, ಹೆಸರು ‘ನಲ್ ದ ಗಲ್’. ಅದರ ಹತ್ರ ಹೋಗಿ ಮಾತಾಡಿದ್ರೆ, ಬೇರೆಯವರು ಹಾಕೋ ಆ ವೇಗ ನನಗೆ ಬೇಡ ಅಂತ ಹೇಳಿಕೊಳ್ಳಬಹುದು. ಉಪಕಾರ ನಿರಾಕರಿಸೋ ಹಕ್ಕನ್ನ ಒಂದು ಹಕ್ಕಿ ಕೈಲಿ ಕೊಡಿಸಿದ್ದು ಯಾರ ತಲೆಗೆ ಹೊಳೀತೋ, ಅವರಿಗೆ ನನ್ನ ನಮಸ್ಕಾರ.

ಆ್ಯಪ್ ತೆಗೆಸಿದೆ. ನರ್ಸ್ ಬೇಕಾ ಅಂತ ಕೇಳಿದೆ, ಅವರು ಇರಲಿ ಅಂದಳು. ಬೇರೇನು ಬೇಕು ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿ, ವರ್ಷಕ್ಕೆ ಹತ್ತು ದಿನ ನಾನು ಎಲ್ಲಾದ್ರೂ ಹೋಗ್ಬೇಕು, ಆ ಹತ್ತು ದಿನ ಪಾದ ನೋಡೋದನ್ನ ನಿನ್ ಭಾವಂಗೆ ನಾನೇ ಕಲಿಸ್ತೀನಿ, ನೀನು ಮಧ್ಯೆ ಬರ್ಬೇಡ ಅಂದಳು.

ಗೇಮಿನ ಕಥೆ ಪೂರ್ತಿ ಹೇಳಲಿಲ್ಲ. 2012ರ ಆಗಸ್ಟ್ ಕೊನೆಗೆ ಮುಚ್ತೀವಿ ಅಂತ ಘೋಷಣೆ ಬಂತು. ಅಟ್ಲಾಸ್ ಪಾರ್ಕಿನಲ್ಲಿ ಸಾವಿರಾರು ಹೀರೋಗಳು ಪಂಜು ಹಿಡ್ಕೊಂಡು ನಿಂತು ಪ್ರತಿಭಟನೆ ಮಾಡಿದ್ರು. ಏನೂ ಉಪಯೋಗ ಆಗಲಿಲ್ಲ. ನವೆಂಬರ್ 30ಕ್ಕೆ ಸರ್ವರ್ ನಿಂತವು. ಆಮೇಲೆ 2019ರಲ್ಲಿ, ಯಾರೋ ಅಷ್ಟೂ ವರ್ಷ ಗುಟ್ಟಾಗಿ ಒಂದು ಖಾಸಗಿ ಸರ್ವರ್ ನಡೆಸ್ತಿದ್ರು ಅಂತ ಬಯಲಾಯ್ತು, ದೊಡ್ಡ ಗಲಾಟೆ ಆಯ್ತು, ಅದೇ ಕೋಡಿಂದ ಹೊಸ ಸರ್ವರುಗಳು ಹುಟ್ಟಿದವು. ಅದರಲ್ಲಿ ‘ಹೋಮ್‌ಕಮಿಂಗ್’ ಅನ್ನೋದಕ್ಕೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟೇ ಲೈಸೆನ್ಸ್ ಕೊಡ್ತು. ನನ್ನ ಹಳೇ ಬಬ್ಲರ್ ಹೋಗಿದ್ದ. ಅದೇ ಹೆಸರಲ್ಲಿ ಮತ್ತೊಬ್ಬನನ್ನ ಮಾಡ್ಕೊಂಡೆ.

ಆ ವರ್ಷದ ದಸರಾ ರಜೆಗೆ ಅಕ್ಕ ಮಗಳನ್ನ ಕರ್ಕೊಂಡು ನಮ್ಮನೆಗೆ ಬಂದಿದ್ಲು. ಒಂದು ಮಧ್ಯಾಹ್ನ ನೀನು ಹೇಳ್ತಿದ್ಯಲ್ಲ ಆ ಆಟ ತೋರ್ಸು ಅಂದಳು. ಹೊಸ ಖಾತೆ ಮಾಡಿ ಕೊಟ್ಟೆ. ವರ್ಗಗಳನ್ನ ಒಂದೊಂದಾಗಿ ವಿವರಿಸ್ದೆ. ಡಿಫೆಂಡರ್ ಬಂದಾಗ ಸ್ವಲ್ಪ ಜಾಸ್ತಿನೇ ವಿವರಿಸಿರಬೇಕು. “ಅದು ಮನೇಲೇ ಮಾಡ್ತೀನಲ್ಲೋ,” ಅಂತ ನಕ್ಕು ಮುಂದಕ್ಕೆ ಹೋದಳು. ಬ್ಲಾಸ್ಟರ್ ಆರಿಸಿದಳು, ಶಕ್ತಿ ಬೆಂಕಿ. ಆಮೇಲೆ ಡ್ರೆಸ್ಸು. ನೇರಳೆ ಬಣ್ಣದ ಉದ್ದ ಕೋಟು, ಮೊಣಕಾಲುದ್ದ ಬೂಟು, ತಲೆಗೂದಲು ಬೆಳ್ಳಗೆ. ಅಮ್ಮ ಮಗಳು ಸೇರಿ ಅದಕ್ಕೇ ಒಂದು ಗಂಟೆ. ಹೆಸರು ತನ್ನದೇ ಇಟ್ಲು, ಯಾರೂ ತಗೊಂಡಿರಲಿಲ್ಲ.

ನಾನು ಇನ್ನೊಂದು ಲ್ಯಾಪ್‌ಟಾಪಲ್ಲಿ ಕೂತು ಅವಳ ಪಕ್ಕಕ್ಕೆ ಬಂದು ನಿಂತೆ, ಅಟ್ಲಾಸ್ ಪಾರ್ಕಿನ ಸಿಟಿ ಹಾಲ್ ಮುಂದೆ. ಬಂದ ಕೂಡಲೇ ಅಭ್ಯಾಸಬಲ, ಗುಳ್ಳೆ ಹಾಕಿದೆ.

“ಇದೇನೋ ಇದು, ಸೋಪಿನ ಗುಳ್ಳೆ ಥರ? ನನ್ ಕೋಟೇ ಸರಿಯಾಗಿ ಕಾಣಲ್ಲ. ತೆಗಿ.”

50 ಏಟು 5 ಆಗೋ ಲೆಕ್ಕ ಹೇಳೋಕೆ ಹೋದೆ.

“ಗೊತ್ತಾಯ್ತು. ತೆಗಿ.”

ಹಾಕಿದ ಮೇಲೆ ತೆಗೆಯೋಕಾಗಲ್ಲ, ನಾಲ್ಕು ನಿಮಿಷ ಕಾಯ್ಬೇಕು ಅಂದೆ. ಸರಿ ಅಂತ ಕಾದಳು. ಅಲ್ಲೇ ನಿಂತು ಹೀರೋನ ಅತ್ತ ಇತ್ತ ತಿರುಗಿಸಿ ನೋಡ್ತಾ, ಮಗಳಿಗೆ ಕಾಫಿ ಮಾಡೋಕೆ ಹೇಳ್ತಾ. ಗುಳ್ಳೆ ಒಡೀತು. ಬೀದಿ ಮೂಲೆಯಲ್ಲಿ ಮೂರು ಜನ ಹೆಲಿಯನ್ ಗ್ಯಾಂಗಿನವರು ಒಬ್ಬ ಹೆಂಗಸಿನ ಬ್ಯಾಗ್ ಎಳೀತಿದ್ರು. ಅಕ್ಕ ನೇರ ಅವರ ಹತ್ರ ಹೋದಳು, ಹೋಗಿ ಸತ್ತಳು. ಆಸ್ಪತ್ರೆಗೆ ಹೋಗೋ ಬಟನ್ ತೋರಿಸ್ದೆ. ಎದ್ದು ಬಂದು ಮತ್ತೆ ಸತ್ತಳು. ನನ್ನ ಬೆರಳು ಗುಳ್ಳೆಯ ಕೀ ಮೇಲೇ ಇತ್ತು. ಅವಳು ಪರದೆಯಿಂದ ಕಣ್ಣು ತೆಗೀದೇ, “ಮುಟ್ಬೇಡ” ಅಂದಳು.

ಮೂರನೇ ಸಲ ದೂರದಲ್ಲೇ ನಿಂತು ಎಸೆಯೋದು ಕಲ್ತಿದ್ಲು. ಮೂವರೂ ಬಿದ್ರು. ಬ್ಯಾಗಿನ ಹೆಂಗಸು ಓಡಿ ಬಂದು ಅಕ್ಕನ ಮುಂದೆ ನಿಂತಳು, ತಲೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಅಕ್ಕ ಕೂಡಿಸಿ ಕೂಡಿಸಿ ಓದಿದಳು.

“ನನ್ನ ಹೆಸರೇ ಹಾಕವ್ಳಲ್ಲೋ!”

ಅಷ್ಟರಲ್ಲಿ ಗಂಟೆ ಆರೂವರೆ ಆಗಿತ್ತು. ಅಕ್ಕ ಫೋನ್ ತಗೊಂಡು ಭಾವನಿಗೆ ಹಚ್ಚಿದಳು. ನೋಡಿದ್ರಾ, ಎಡಗಾಲಿನ ಕಿರುಬೆರಳ ಸಂದಿ ನೋಡಿದ್ರಾ, ಟಾರ್ಚ್ ಬಿಟ್ಟು ನೋಡಿದ್ರಾ, ಸರಿ ಇಡ್ತೀನಿ. ಫೋನ್ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳ್ಕೊಂಡಳು.

“ಮುಂದೆ ಯಾವ್ ಕಡೆಗೋ ಹೋಗ್ಬೇಕು?”